ನೆಲ್ಲಿಯ ನೆರಳಿಗೆ ಎಪ್ಪತ್ತು ಮಂದಿ

ವಯಸ್ಸಾದವರಿಗೆ ಒಂದಲ್ಲ ಒಂದು ಚಟವಿರಬೇಕು. ಇಲ್ಲವಾದರೆ ಮನೆಯವರಿಗೆ ಗದರಿಕೊಳ್ಳಲು ನಿಮಿತ್ತವೇ ಸಿಗುವುದಿಲ್ಲ. ನಾನು ನಸ್ಯದ ಡಬ್ಬಿಯನ್ನು ಮುಟ್ಟಿದವನಲ್ಲ. ಎಲೆ-ಅಡಿಕೆ ನನಗೆ ಹಬ್ಬದ ದಿನಕ್ಕೆ ಮೀಸಲು. ನನ್ನ ಚಟ ಇನ್ನೊಂದು ಬಗೆಯದು. ದಾರಿಯಲ್ಲಿ ಗುರುತಿಲ್ಲದ ಮರವೊಂದು ಕಂಡಿತೋ, ಕಾಲು ತಾನಾಗಿ ನಿಲ್ಲುತ್ತದೆ. ಕನ್ನಡಕವನ್ನು ಹಣೆಗೇರಿಸಿ ಎಲೆಯ ಮೇಲ್ಮೈ ನೋಡುತ್ತೇನೆ, ಮಗುಚಿ ಅಡಿಮೈ ನೋಡುತ್ತೇನೆ, ಕಾಂಡದ ಮೇಲೆ ಅಂಗೈಯಾಡಿಸುತ್ತೇನೆ. ಅಷ್ಟಾದ ಮೇಲೆ ಆ ದಾರಿಯಲ್ಲಿ ಹೋಗುವವರು ಹಾಲಿನ ಭಯ್ಯಾ ಆಗಲಿ, ಅಂಚೆಯವನಾಗಲಿ, ಅವರನ್ನು ತಡೆದು ನಿಲ್ಲಿಸಿ “ಇದು ಯಾವ ಮರ?” ಎಂದು ಕೇಳುತ್ತೇನೆ. ಅವರ ಉತ್ತರವನ್ನು ಇನ್ನೊಬ್ಬರ ಉತ್ತರದೊಡನೆ ತಾಳೆ ನೋಡಿದ ಹೊರತು ಮುಂದೆ ಹೆಜ್ಜೆಯಿಡುವುದಿಲ್ಲ. ಜೊತೆಗೆ ಬಂದವರು ಅಷ್ಟರಲ್ಲಿ ಮುಂದಿನ ಬಸ್ ಸ್ಟಾಪು ಮುಟ್ಟಿ, ನನ್ನತ್ತ ತಿರುಗಿ ನಿಟ್ಟುಸಿರು ಬಿಡುತ್ತಿರುತ್ತಾರೆ.

ಇದು ಹುಟ್ಟುಗುಣವೆಂದು ತಾವು ತಿಳಿಯಬಾರದು. ಚಿಕ್ಕಂದಿನಲ್ಲಿ ನಾನು ಯಾರನ್ನೂ ಏನನ್ನೂ ಕೇಳಿದವನಲ್ಲ. ಧಾರವಾಡದ ಬಳಿಯ ಪಾಠಶಾಲೆಯೊಂದರಲ್ಲಿ ನಮ್ಮ ಗುರುಗಳು ನಿಘಂಟಿನ ಗಿಡಮರಗಳ ವರ್ಗವನ್ನು ಬಾಯಿಪಾಠ ಮಾಡಿಸುತ್ತಿದ್ದರು. ಸಗಣಿ ಸಾರಿಸಿದ ನೆಲ, ಮೊಣಕಾಲಿಗೆ ಚುಚ್ಚುವ ಈಚಲ ಚಾಪೆ, ಒಳಮನೆಯಿಂದ ಗುರುಪತ್ನಿಯವರು ಕಡಲೆ ಹುರಿಯುವ ವಾಸನೆ. ಒಂದೊಂದು ಮರಕ್ಕೆ ಏಳು ಹೆಸರು, ಎಂಟು ಹೆಸರು. ಹುರಿಗಡಲೆಯ ಆಸೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿಬಿಡುತ್ತಿದ್ದೆವು. ಹಾಗೆ ಒಪ್ಪಿಸುತ್ತಿದ್ದವರಲ್ಲಿ ಒಬ್ಬನಾದರೂ ಕಿಟಕಿಯಾಚೆ ನಿಂತ ಮರವನ್ನು ತಲೆಯೆತ್ತಿ ನೋಡಿದ್ದು ನನಗೆ ನೆನಪಿಲ್ಲ. ನಾಮ ಕೈವಶವಾದ ಮೇಲೆ ರೂಪವನ್ನು ನೋಡುವುದೇಕೆ ಎಂಬ ಧೈರ್ಯ! ಆ ಧೈರ್ಯವನ್ನು ಹೊತ್ತುಕೊಂಡೇ ಮುಂಬಯಿಗೆ ಬಂದೆ, ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮಾಸ್ತರನಾದೆ, ಕಾಂದಿವಲಿಯ ಚಾಳೊಂದರ ಎರಡನೆಯ ಮಾಳಿಗೆಯಲ್ಲಿ ಸಂಸಾರ ಹೂಡಿದೆ. ಅದು ನನ್ನ ಹೆಗಲಿನಿಂದ ಇಳಿದದ್ದು ಒಂದು ಕಾರ್ತಿಕದ ರವಿವಾರ, ಬೊರಿವಲಿಯ ಕಾಡಿನಲ್ಲಿ, ಎಪ್ಪತ್ತು ಜನರ ಸಮಕ್ಷಮದಲ್ಲಿ.

ಆ ಎಪ್ಪತ್ತು ಜನ ಎಂದರೆ ನಮ್ಮ ಬಳಗ. ಅರುವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲವದು. ಕಾಂದಿವಲಿಯಲ್ಲಿ ಕಾರ್ಖಾನೆಗಳು ಒಂದೊಂದಾಗಿ ಏಳುತ್ತಿದ್ದವು. ಅವುಗಳ ಹಿಂದೆಯೇ ನಮ್ಮ ಜನ. ಬೆಳಗಾವಿ, ಧಾರವಾಡ, ವಿಜಾಪುರದ ಕಡೆಯ ಗುಮಾಸ್ತರು, ವ್ಯಾಪಾರಸ್ಥರು. ಉಡುಪಿ, ಕುಂದಾಪುರದ ಕಡೆಯ ಹೊಟೇಲಿನವರು. ಎಲ್ಲರೂ ಸೇರಿ ಕಟ್ಟಿಕೊಂಡ ಸಂಘಕ್ಕೆ ಕಾಗದದ ಮೇಲೆ ಉದ್ದನೆಯ ಹೆಸರೊಂದಿತ್ತು. ಬಾಯಲ್ಲಿ ಅದು ಬರೀ ‘ಬಳಗ’. ಅದರ ಆಸ್ತಿಯೆಂದರೆ ಒಂದು ಹಾರ್ಮೋನಿಯಂ, ಎರಡು ಜಮಖಾನೆ ಮತ್ತು ಹಂಡೆಯಷ್ಟು ದೊಡ್ಡ ಎರಡು ಹಿತ್ತಾಳೆಯ ಕೊಳಗ. ಕಟ್ಟಡವಿಲ್ಲದ ಸಂಘಕ್ಕೆ ಬಯಲೇ ಸಭಾಂಗಣವಷ್ಟೆ. ಹೀಗಾಗಿ ವರ್ಷಕ್ಕೆರಡು ಸಲ ವಿಹಾರಕ್ಕೆ ಹೊರಡುವ ಪದ್ಧತಿ ತಪ್ಪದೆ ನಡೆದು ಬಂದಿತ್ತು.

ವಿಹಾರಗಳ ಕಥೆ ಹೇಳಹೊರಟರೆ ಈ ಪ್ರಬಂಧ ಮುಗಿಯುವಂತಿಲ್ಲ. ಒಮ್ಮೆ ಜುಹೂ ಕಡಲತೀರಕ್ಕೆಂದು ಹೊರಟಾಗ ಅರ್ಧ ಬಳಗ ನಿಂತು ನಿಂತು ಹೋಗುವ ಲೋಕಲ್ ಹತ್ತಿತು, ಇನ್ನರ್ಧ ಬಳಗ ಅವಸರದಲ್ಲಿ ಫಾಸ್ಟ್ ಹತ್ತಿತು. ಬಾಳೆಯೆಲೆ ಸಾಂತಾಕ್ರೂಜಿನಲ್ಲಿ ಇಳಿಯಿತು. ಅನ್ನದ ಕೊಳಗ ದಾದರಿಗೆ ಹೋಯಿತು. ಎಲೆ ಹಾಸಿಕೊಂಡು ಅನ್ನದ ದಾರಿ ಕಾಯುತ್ತ ಕುಳಿತ ಆ ಎರಡು ತಾಸುಗಳಲ್ಲಿ ಆದಷ್ಟು ಭಗವಚ್ಚಿಂತನೆ ನನಗೆ ಯಾವ ಕ್ಷೇತ್ರದಲ್ಲಿಯೂ ಆಗಿಲ್ಲ.

ಬಳಗಕ್ಕೊಂದು ಕಟ್ಟುನಿಟ್ಟಿನ ನಿಯಮವಿತ್ತು. ವಿಹಾರದ ದಿನ ಕನ್ನಡವೇ ಮಾತು. ‘ಸ್ಟೇಷನ್ನು’, ‘ಲೋಕಲ್ಲು’, ‘ಬಿಲ್ಡಿಂಗು’ ಮುಂತಾದವುಗಳಿಗೆ ಮಾಫಿ; ಉಳಿದಂತೆ ಹಿಂದಿಯದೋ ಮರಾಠಿಯದೋ ಒಂದು ಮಾತು ಜಾರಿದರೂ ಜಾರಿದವರು ಅಡಿಗೆಗೆ ಒಂದು ಕೊಡ ನೀರು ಹೊತ್ತು ತರಬೇಕು. ಈ ನಿಯಮವನ್ನು ಮಾಡಿದವರು ಬಳಗದ ಅಧ್ಯಕ್ಷರಾದ ಶೀನ ಶೆಟ್ಟರು. ಸ್ಟೇಷನ್ ಬದಿಯಲ್ಲಿ ಅವರ ಹೊಟೇಲು. ಅತಿ ಹೆಚ್ಚು ಕೊಡ ಹೊತ್ತವರೂ ಅವರೇ. “ಚಲೋ ಚಲೋ, ಹೊತ್ತಾಯ್ತು!” ಎಂದು ಅವರು ಹೊರಡಿಸುತ್ತಲೇ ಬೆಳಗಾವಿಯ ಗಂಗಕ್ಕ “ಒಂದು ಕೊಡಾ!” ಎಂದು ಕೂಗುತ್ತಿದ್ದಳು. ಶೆಟ್ಟರು, “ಹೋದ ಸಲ ನೀವು ನನ್ನ ಶೀರಾ ಭಾಳ ಚಲೋ ಅದ ಅಂದದ್ದು ಎಂತದು ಹಾಗಾದರೆ?” ಎಂದು ವಾದಿಸುತ್ತಿದ್ದರು. “ಅದು ಕನ್ನಡ ಚಲೋ. ನಿಮ್ಮದು ಹಿಂದಿ ಚಲೋ. ಹೋಗ್ರಿ, ಕೊಡಾ ಎತ್ತರಿ,” ಎಂದು ಗಂಗಕ್ಕ ತೀರ್ಪು ಕೊಡುತ್ತಿದ್ದಳು. ಗಂಗಕ್ಕ ನಮ್ಮ ಚಾಳಿನಲ್ಲಿ ಎದುರು ಖೋಲಿಯವಳು. ವಯಸ್ಸಿನಲ್ಲಿ ಹಿರಿಯಳು, ನಾಲಿಗೆಯಲ್ಲಿ ಇನ್ನೂ ಹಿರಿಯಳು.

ಇಂಥ ಸಂಭ್ರಮದ ನಡುವೆ ನಾನು ಮಾತ್ರ ಮನೆಯಿಂದ ಬುತ್ತಿ ಕಟ್ಟಿಸಿಕೊಂಡು ಹೋಗಿ, ಒಂದು ಬಂಡೆಯನ್ನೋ ಪೊದೆಯನ್ನೋ ಮರೆಮಾಡಿಕೊಂಡು, ಎಲ್ಲರಿಗೂ ಬೆನ್ನುಹಾಕಿ ಉಣ್ಣುತ್ತಿದ್ದೆ. ಆಚಾರವೆಂದು ನಾನು ಅಂದುಕೊಂಡಿದ್ದೆ. ನನ್ನ ಹೆಂಡತಿ ರುಕ್ಮಿಣಿಯೂ ಸತಿಧರ್ಮವೆಂದು ಪಕ್ಕದಲ್ಲಿ ಕುಳಿತು ಅದೇ ಬುತ್ತಿಯನ್ನು ಉಣ್ಣುತ್ತ, ಆಗಾಗ ಕತ್ತು ಹೊರಳಿಸಿ ಪಂಕ್ತಿಯ ನಗೆಯತ್ತ ನೋಡುತ್ತಿದ್ದಳು. ಅವಳು ಹಾಗೆ ನೋಡುತ್ತಿದ್ದಳೆಂಬುದು ನನಗೆ ಹೊಳೆದದ್ದೂ ಬಹಳ ತಡವಾಗಿಯೇ.

ಆ ವರ್ಷ ಜ್ಯೇಷ್ಠ ಮಾಸದ ಮೊದಲ ಮಳೆಗೆ ನನಗೆ ಕಾಮಾಲೆಯಾಯಿತು. ಕಣ್ಣು ಅರಿಸಿನದಂತಾಯಿತು, ಗಂಜಿ ಕೂಡ ನಿಲ್ಲದಾಯಿತು. ನೋಡಲು ಬಂದವರು ನನ್ನೆದುರು ಧೈರ್ಯ ಹೇಳಿ, ಗ್ಯಾಲರಿಗೆ ಹೋಗಿ ದನಿ ತಗ್ಗಿಸಿ ಮಾತಾಡುತ್ತಿದ್ದರು. ಶ್ರೀಹರಿಯ ಕೃಪೆಯಿಂದ ಆಷಾಢದ ಹೊತ್ತಿಗೆ ಎದ್ದು ಕುಳಿತೆ, ಶ್ರಾವಣದಲ್ಲಿ ಶಾಲೆಗೆ ಹೋದೆ. ಕೃಪೆಯ ಹಿಂದೆ ಒಂದು ಹರಕೆಯೂ ಇತ್ತೆಂಬುದು ನನಗೆ ಗೊತ್ತಾದದ್ದು ದೀಪಾವಳಿ ಮುಗಿದ ಮೇಲೆ.

ಕಾರ್ತಿಕ ಮಾಸದಲ್ಲಿ ಧಾತ್ರಿಯನ್ನು, ಎಂದರೆ ನೆಲ್ಲಿಯ ಮರವನ್ನು, ಪೂಜಿಸಿ ಅದರ ನೆರಳಿನಲ್ಲಿ ಹತ್ತು ಜನರೊಡನೆ ಉಣ್ಣುವುದು ನಮ್ಮ ಹಿರಿಯರಿಂದ ಬಂದ ಪದ್ಧತಿ. ಚಾಳಿನಲ್ಲಿ ಮರವೆಲ್ಲಿಂದ ಬರಬೇಕು? ಪ್ರತಿ ವರ್ಷ ರುಕ್ಮಿಣಿ ದಾದರಿನ ಹೂವಿನ ಮಾರುಕಟ್ಟೆಯಿಂದ ನೆಲ್ಲಿಯ ಟೊಂಗೆಯೊಂದನ್ನು ತರಿಸಿ, ಗ್ಯಾಲರಿಯ ತುಳಸಿ ಕುಂಡದಲ್ಲಿ ನೆಟ್ಟು ಪೂಜಿಸುತ್ತಿದ್ದಳು. ಎರಡು ದಿನಕ್ಕೆ ಅದು ಒಣಗಿ ಎಲೆಯುದುರಿ ಕಡ್ಡಿಯಾಗುತ್ತಿತ್ತು. ಆ ಸಲ ಟೊಂಗೆ ತರಿಸಲೇ ಎಂದು ನಾನು ಕೇಳಿದಾಗ ಅವಳು ತಲೆಯಲ್ಲಾಡಿಸಿದಳು.

“ಬ್ಯಾಡ್ರಿ. ಹನ್ನೊಂದು ವರ್ಷ ಕಡದ ಟೊಂಗಿಗೇ ಕೈ ಮುಗದೇನಿ. ನೀವು ಕಣ್ಣು ಹಳದಿ ಮಾಡಿಕೊಂಡು ಮಲಗಿದ್ದಿರಲ್ಲ, ಆವಾಗ ಬೇಡಿಕೊಂಡೇನಿ. ಬೇರು ಬಿಟ್ಟು ನಿಂತ ಗಿಡಕ್ಕ ನೂರಾ ಎಂಟು ಸುತ್ತು ಹಾಕ್ತೀನಿ, ಅದರ ನೆರಳಾಗ ಮಂದೀಗೆ ಉಣಸ್ತೀನಿ ಅಂತ.”

“ಆಗಲಿ, ಮುಂದಿನ ವರ್ಷ ಊರಿಗೆ ಹೋದಾಗ...”

“ಇದೇ ಕಾರ್ತೀಕದಾಗ ಅಂದೇನ್ರಿ,” ಎಂದಳು. ದನಿ ಮೆತ್ತಗಿತ್ತು, ಆದರೆ ಅದರಲ್ಲಿ ಚೌಕಾಸಿಗೆ ಎಡೆಯಿರಲಿಲ್ಲ. “ಆ ಶ್ರೀಹರಿ ನಿಮ್ಮನ್ನ ಮುಂದಿನ ವರ್ಷ ಎಬ್ಬಸ್ತೀನಿ ಅಂದನೇನು?”

ಬದುಕಿಸಿಕೊಂಡವಳ ಹರಕೆ ಅದು, ಬದುಕಿದವನು ನಾನು. ಅದನ್ನು ತೀರಿಸುವ ಭಾರ ಯಾರದೆಂದು ಯಾವ ಧರ್ಮಗ್ರಂಥವನ್ನೂ ತೆರೆದು ನೋಡಬೇಕಾಗಿರಲಿಲ್ಲ. ಬಳಗದ ಸಭೆಯಲ್ಲಿ, ಎಂದರೆ ಶೆಟ್ಟರ ಹೊಟೇಲಿನ ಮೂಲೆಯ ಮೇಜಿನಲ್ಲಿ, ಸಂಕೋಚದಿಂದಲೇ ವಿಷಯವನ್ನೆತ್ತಿದೆ. ಶೆಟ್ಟರು ಮಾತು ಮುಗಿಯಗೊಡಲಿಲ್ಲ.

“ಹರಕೆ ಅಂದರೆ ಹರಕೆ ಮಾರಾಯ್ರೆ. ಈ ಸಲದ ವಿಹಾರ ಅದೇ. ಅಡಿಗೆ ನನ್ನ ತಲೆಗೆ. ದೀಪಾವಳಿಯ ಗಿರಾಕಿ ಸ್ವಲ್ಪ ತಗ್ಗಲಿ, ಕಾರ್ತಿಕದ ಕಡೇ ರವಿವಾರ ಹೊರಡುವ. ಮರ ಎಲ್ಲಿ ಉಂಟು, ಅದು ಹೇಳಿ.”

ಕಡೆಯ ರವಿವಾರವೆಂದರೆ ಮರುದಿನವೇ ಅಮಾವಾಸ್ಯೆ, ಕಾರ್ತಿಕ ಮುಗಿಯುತ್ತದೆ. ಜೊತೆಗೆ ರವಿವಾರ ನೆಲ್ಲಿಕಾಯಿ ತಿನ್ನುವುದು ಶಾಸ್ತ್ರದಲ್ಲಿ ನಿಷಿದ್ಧ. ನಾನು ಪಂಚಾಂಗ ನೋಡಿ, ಮರವನ್ನು ಪೂಜಿಸಲು ಅಡ್ಡಿಯಿಲ್ಲ, ಕಾಯಿ ಬಾಯಿಗೆ ಹಾಕಿಕೊಳ್ಳದಿದ್ದರಾಯಿತು ಎಂದು ಅಪ್ಪಣೆ ಕೊಟ್ಟೆ. ಎಲ್ಲರೂ ಗೌರವದಿಂದ ತಲೆದೂಗಿದರು. ಆ ತಲೆದೂಗುವಿಕೆಯೇ ನನ್ನನ್ನು ಕೆಡಿಸಿತೆಂದು ತೋರುತ್ತದೆ.

ಸಭೆಯಲ್ಲಿ ಖಾದರ ಸಾಹೇಬರಿದ್ದರು. ವಿಜಾಪುರದವರು, ಬೈಕುಲ್ಲಾ ಮಾರ್ಕೆಟ್ಟಿನಲ್ಲಿ ಅವರ ಹಣ್ಣಿನ ಸಗಟು ವ್ಯಾಪಾರ. ಮೊರಬ್ಬ ಮಾಡುವವರಿಗೆ ಚಳಿಗಾಲದುದ್ದಕ್ಕೂ ನೆಲ್ಲಿಕಾಯಿಯ ಬುಟ್ಟಿಗಳನ್ನು ಒದಗಿಸುತ್ತಿದ್ದವರು ಅವರೇ. ಅವರ ಮಗಳು ನನ್ನ ವರ್ಗದಲ್ಲಿ ಓದುತ್ತಿದ್ದುದರಿಂದ ನನ್ನನ್ನು ಕಂಡರೆ ಎದ್ದು ನಿಲ್ಲುವಷ್ಟು ಮರ್ಯಾದೆ. ಅವರು ಹಾಗೆಯೇ ಎದ್ದು ನಿಂತು ಹೇಳಿದರು: “ಮಾಸ್ತರ, ಬೊರಿವಲಿ ಕಾಡಿನ್ಯಾಗ ನೆಲ್ಲಿ ಗಿಡ ಅದಾವ್ರಿ. ಗಿಡಾ ನೋಡಾಕ ಹೋಗ್ತೀರಲ್ಲ, ನಾನೂ ಸಂಗಾಟ ಬರ್ತೀನ್ರಿ.”

ನಾನು ಮುಗುಳ್ನಕ್ಕು ಉತ್ತರಿಸಿದೆ: “ಸಾಹೇಬರೇ, ಬುಟ್ಟಿಯಲ್ಲಿರುವ ಕಾಯಿ ನಿಮಗೆ ಗೊತ್ತು. ನಿಂತ ಮರ ನನಗೆ ಗೊತ್ತು.”

ಆ ವಾಕ್ಯವನ್ನು ಇಂದು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಒಬ್ಬನೇ ಕೊಡೆ ಹಿಡಿದು ಹೋದೆ. ಕಾಡಿನೊಳಗೆ ಮೈಲಿಯಷ್ಟು ನಡೆದ ಮೇಲೆ ಹಳ್ಳವೊಂದರ ಬದಿಗೆ ಆ ಮರ ಕಂಡಿತು. ಬಾಚಣಿಗೆಯ ಹಲ್ಲಿನಂತೆ ಸಣ್ಣ ಸಣ್ಣ ಎಲೆಗಳು, ಗಾಳಿಗೆ ತೂಗುವ ನವಿರು ಟೊಂಗೆಗಳು, ಕೆಳಗೆ ಎಪ್ಪತ್ತು ಎಲೆ ಹಾಸುವಷ್ಟು ಸಮತಟ್ಟಾದ ನೆಲ. ನಿಘಂಟು ಹೇಳುವ ಲಕ್ಷಣಗಳೆಲ್ಲ ಕೂಡಿಬಂದವು. ಕಾಯಿ ಕಾಣಲಿಲ್ಲ, ಇನ್ನೂ ಕಾಲ ಬಂದಿಲ್ಲವೆಂದುಕೊಂಡೆ. ಬುಡದ ಸುತ್ತ ಕೆಸರು. ತುಳಿದರೆ ಮಡಿಯ ಧೋತರ ಹೊಲಸಾದೀತೆಂದು ಹತ್ತು ಮಾರು ದೂರದಲ್ಲಿಯೇ ನಿಂತು ಕೈ ಜೋಡಿಸಿ, ಧಾತ್ರಿಯ ಮಹಿಮೆಯನ್ನು ಸಾಂಗವಾಗಿ ಪಠಿಸಿದೆ. ಹುಲ್ಲು ಕೊಯ್ಯುತ್ತಿದ್ದ ಮುದುಕಿಯೊಬ್ಬಳು ಕುಡುಗೋಲು ಬಿಟ್ಟು ನನ್ನನ್ನೂ ಮರವನ್ನೂ ನೋಡುತ್ತ ಕುಳಿತಳು. ಅವಳನ್ನೊಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ, ಪಂಡಿತನಾದವನು ಹುಲ್ಲು ಕೊಯ್ಯುವವಳನ್ನು ಕೇಳುವುದೆ? ಮರ ಗೊತ್ತಾಯಿತೆಂದು ಬಳಗಕ್ಕೆ ವರದಿ ಒಪ್ಪಿಸಿದೆ.

ರವಿವಾರ ಬಂದಿತು. ಬೆಳಗಿನ ಲೋಕಲ್ಲಿನಲ್ಲಿ ಒಂದೇ ಸ್ಟೇಷನ್ನಿನ ಪ್ರಯಾಣ. ಈ ಸಲ ಎಲೆ ಮತ್ತು ಕೊಳಗಗಳನ್ನು ಒಂದೇ ಡಬ್ಬಿಯಲ್ಲಿ ಹತ್ತಿಸುವ ಎಚ್ಚರ ವಹಿಸಿದ್ದೆವು. ಬೊರಿವಲಿಯಿಂದ ಒಂದು ಕೈಗಾಡಿಯ ಮೇಲೆ ಪಾತ್ರೆಗಳು, ಅದರ ಹಿಂದೆ ಹಾರ್ಮೋನಿಯಂ, ಅದರ ಹಿಂದೆ ನಾವು. ರುಕ್ಮಿಣಿ ಮದುವೆಯ ಕಾಲದ ಇಳಕಲ್ಲ ಸೀರೆಯುಟ್ಟು, ಬರಿಗಾಲಿನಲ್ಲಿ, ಪೂಜೆಯ ಹರಿವಾಣವನ್ನು ಸೆರಗಿನಿಂದ ಮುಚ್ಚಿಕೊಂಡು ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದಳು. ಹಿಂದಿನ ದಿನದಿಂದ ಉಪವಾಸ. ಆದರೂ ಆ ನಡಿಗೆಯನ್ನು ನಾನು ಹನ್ನೊಂದು ವರ್ಷದಲ್ಲಿ ಚಾಳಿನ ಗ್ಯಾಲರಿಯಲ್ಲಿ ಕಂಡಿರಲಿಲ್ಲ.

ನನ್ನ ಮರದ ಬಳಿಗೆ ಬಂದೆವು. ಕೆಸರು ಆರಿತ್ತು. ಶೆಟ್ಟರ ಕಡೆಯವರು ಹಳ್ಳದಂಚಿಗೆ ಒಲೆ ಹೂಡಿದರು. ಗಂಗಕ್ಕ ಜಮಖಾನೆ ಹಾಸಿಸಿದಳು. ಅನ್ನ ಬೆಂದು, ಹುಳಿ ಕುದಿಯುವ ಹೊತ್ತಿಗೆ ರುಕ್ಮಿಣಿ ಹರಿವಾಣ ಹಿಡಿದು ಮರದ ಬುಡಕ್ಕೆ ಹೋದಳು. ಬಗ್ಗಿದ ಟೊಂಗೆಯೊಂದನ್ನು ಸರಿಸಲು ಕೈ ಚಾಚಿದವಳು ಥಟ್ಟನೆ ಕೈ ಹಿಂದೆಗೆದಳು. ತಲೆಯೆತ್ತಿ ನೋಡಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆಗೆ ತಿರುಗಿ ಸಣ್ಣಗೆ ನಕ್ಕು, ಏನೂ ಆಗದವಳಂತೆ ಕುಳಿತು ರಂಗವಲ್ಲಿ ಇಡತೊಡಗಿದಳು.

ಹತ್ತಿರ ಹೋದೆ. ಅವಳ ಬೆರಳ ತುದಿಯಲ್ಲಿ ರಕ್ತದ ಹನಿಯಿತ್ತು. ಸೆರಗಿನ ಅಂಚು ಟೊಂಗೆಗೆ ಸಿಕ್ಕಿಕೊಂಡಿತ್ತು. ಬಿಡಿಸಲು ಹೋದಾಗ ನನ್ನ ಬೆರಳಿಗೂ ಚುಚ್ಚಿತು. ಮುಳ್ಳು! ಟೊಂಗೆಯ ತುಂಬ ಕೊಕ್ಕೆಯಂಥ ಸಣ್ಣ ಸಣ್ಣ ಮುಳ್ಳುಗಳು. ನೆಲ್ಲಿಗೆ ಮುಳ್ಳಿಲ್ಲವೆಂಬುದನ್ನು ಹೇಳಲು ನಿಘಂಟೂ ಬೇಡ.

“ಇದು ಅದಲ್ಲ,” ಎಂದು ಬಗ್ಗಿ ಹೇಳಿದೆ.

ಅವಳು ರಂಗವಲ್ಲಿಯ ಎಳೆ ಬಿಡದೆ ಪಿಸುಗುಟ್ಟಿದಳು: “ಸುಮ್ಮನಿರ್ರಿ. ಇಷ್ಟು ಮಂದಿ ಮುಂದ ಯಾಕ ಹೇಳ್ತೀರಿ? ನೀವು ಆರಿಸಿದ ಗಿಡಾ, ಇದಕ್ಕೇ ಸುತ್ತ ಹಾಕ್ತೀನಿ. ಭಾವ ಇದ್ದಲ್ಲೆ ದೇವರು.”

ತಿರುಗಿ ನೋಡಿದರೆ ಖಾದರ ಸಾಹೇಬರು ಜಮಖಾನೆಯ ಸುಕ್ಕನ್ನು ಸರಿಪಡಿಸುತ್ತಿದ್ದರು. ಸುಕ್ಕೇ ಇರಲಿಲ್ಲ. ಅವರ ಕಣ್ಣು ಒಮ್ಮೆ ಮರಕ್ಕೆ, ಒಮ್ಮೆ ನೆಲಕ್ಕೆ. ನನ್ನ ಮುಖಕ್ಕೆ ಮಾತ್ರ ಬರುತ್ತಿಲ್ಲ. ಬಂದ ಕ್ಷಣವೇ ಅವರಿಗೆ ತಿಳಿದಿತ್ತು. ಇಬ್ಬರೂ ಸೇರಿ ನನ್ನ ಮಾನವನ್ನು ಕಾಯುತ್ತಿದ್ದರು.

ಆ ಒಂದು ಗಳಿಗೆ ನನ್ನ ಪಾಂಡಿತ್ಯ ನನಗೆ ಎಷ್ಟೊಂದು ಆಧಾರಗಳನ್ನು ಒದಗಿಸಿತೆಂದರೆ ನಾಚಿಕೆಯಾಗುತ್ತದೆ. ಪ್ರತಿನಿಧಿಯಲ್ಲಿ ಆವಾಹನೆ ಸಲ್ಲುತ್ತದೆ, ಸಂಕಲ್ಪವೇ ಮುಖ್ಯ, ಮಾನಸಪೂಜೆಯೇ ಶ್ರೇಷ್ಠ. ಒಂದೊಂದೂ ಸತ್ಯವೇ. ಆದರೆ ಅವಳು ಬೇಡಿಕೊಂಡದ್ದು ಬೇರು ಬಿಟ್ಟು ನಿಂತ ನೆಲ್ಲಿಗೆ. ನಾಳೆ ಸೂರ್ಯೋದಯಕ್ಕೆ ಅಮಾವಾಸ್ಯೆ. ನನ್ನ ಪ್ರಾಣಕ್ಕಾಗಿ ಹೊತ್ತ ಹರಕೆಯನ್ನು ನನ್ನ ಮಾನಕ್ಕಾಗಿ ಅವಳು ಮುಳ್ಳಿನ ಮರಕ್ಕೆ ಸಲ್ಲಿಸುವುದನ್ನು ನೋಡುತ್ತ ನಿಲ್ಲುವುದು ಸಾಧ್ಯವಾಗಲಿಲ್ಲ. ಒಂದು ಬಂಡೆಯ ಮೇಲೆ ಹತ್ತಿ ಕೈ ತಟ್ಟಿದೆ. ಮಂತ್ರ ಹೇಳುತ್ತೇನೆಂದು ತಿಳಿದು ಎಲ್ಲರೂ ಕೈ ಜೋಡಿಸಿದರು. ಅದು ಇನ್ನಷ್ಟು ಕಷ್ಟವಾಯಿತು.

“ನಂದು ತಪ್ಪಾಗೇದ,” ಎಂದೆ. ಗ್ರಾಂಥಿಕ ಭಾಷೆ ಆಗ ಕೈಕೊಟ್ಟಿತು, ಮನೆಮಾತೇ ಬಂದಿತು. “ಇದು ನೆಲ್ಲಿ ಗಿಡ ಅಲ್ಲ. ನಾ ದೂರ ನಿಂತು ನೋಡಿದೆ. ಯಾರನ್ನೂ ಕೇಳಲಿಲ್ಲ. ಸಾಹೇಬ್ರು ಬರ್ತೀನಿ ಅಂದಿದ್ರು, ನಾನೇ ಬ್ಯಾಡ ಅಂದೆ. ತಪ್ಪು ನಂದು.”

ಗಂಗಕ್ಕ ಎದ್ದು ಬಂದು ಮರವನ್ನು ಮೇಲಿಂದ ಕೆಳಗೆ ನೋಡಿದಳು.

“ಸಾಹೇಬ್ರ, ಹಂಗಾರ ಇದು ಯಾವ ಗಿಡಾ?”

ಖಾದರ ಸಾಹೇಬರು ನನ್ನತ್ತ ನೋಡಿ, ನಾನು ತಲೆಯಾಡಿಸಿದ ಮೇಲೆಯೇ ಬಾಯಿ ಬಿಟ್ಟರು. “ಖೈರ ಅಂತಾರ್ರಿ, ಗಂಗಕ್ಕಾರ. ಇದರ ಕಟಗಿ ಕುದಿಸಿ ಕಾಚು ತಗೀತಾರ. ಎಲಿಗೆ ಹಚ್ಚತೀವಲ್ರಿ, ಅದು.”

“ಅಯ್ಯ!” ಎಂದಳು ಗಂಗಕ್ಕ. “ಊಟ ಆದಮ್ಯಾಲೆ ಬೇಕಾಗೋ ಗಿಡಾನ ಮಾಸ್ತರು ಊಟಕ್ಕ ಮೊದಲಽ ಹುಡುಕಿ ಇಟ್ಟಾರ!”

ಎಪ್ಪತ್ತು ಜನರ ನಗೆ ಕಾಡಿನ ಹಕ್ಕಿಗಳನ್ನು ಹಾರಿಸಿತು. ಬಂಡೆಯ ಮೇಲೆ ನಿಂತ ನನಗೂ ನಗೆ ಬಂದುಬಿಟ್ಟಿತು. ಕಾಮಾಲೆ ಇಳಿದಾಗಲೂ ಅಷ್ಟು ಹಗುರವೆನಿಸಿರಲಿಲ್ಲ.

“ನಗುದು ಆಮೇಲೆ,” ಶೆಟ್ಟರು ಸೌಟು ಎತ್ತಿದರು. “ಸಾಹೇಬ್ರೇ, ನೆಲ್ಲಿ ಎಲ್ಲಿ ಉಂಟು?”

“ಈ ಗಿಡಾ ಅಂತ ಕೈ ಮಾಡಿ ತೋರ್ಸಾಕ ಆಗೂದಿಲ್ರಿ. ಆದ್ರ ನೆಲ್ಲಿ ಹಳ್ಳದ ಬದಿಗೆ ನಿಲ್ಲೂದಿಲ್ಲ. ಕಲ್ಲು ಇಳಿಜಾರ ಬೇಕು ಅದಕ್ಕ. ಹಳೇ ಕಲ್ಲಿನ ಗವಿ ಕಡೆ ಗುಡ್ಡ ಐತಲ್ರಿ, ಅಲ್ಲೆ ಹುಡುಕೋಣ.”

“ಹೊತ್ತು ನೆತ್ತಿ ದಾಟೂದರಾಗ ದೀಪಾ ಹಚ್ಚಬೇಕು,” ಗಂಗಕ್ಕ ಎಚ್ಚರಿಸಿದಳು. “ಅನ್ನಾ ಹುಳಿ ಇಲ್ಲೇ ಬಿಟ್ಟು ಹೋದ್ರ ಮಂಗ್ಯಾ ಉಣತಾವ.”

“ಬಿಡುದು ಎಂತಕ್ಕೆ? ಎತ್ತಿ!” ಎಂದರು ಶೆಟ್ಟರು. ತಾವೇ ಒಂದು ಬೊಂಬು ಹುಡುಕಿ ತಂದು ಕೊಳಗದ ಬಳೆಗಳಲ್ಲಿ ತೂರಿಸಿದರು. ಕೈಗಾಡಿ ಗುಡ್ಡವನ್ನೇರುವಂತಿರಲಿಲ್ಲ. ಬ್ಯಾಂಕಿನ ಗುಮಾಸ್ತರಿಬ್ಬರು ಅನ್ನವನ್ನು ಹೊತ್ತರು. ಮುಂದಿನ ಜೋಡಿ ಹುಳಿಗೆ ಹೆಗಲು ಕೊಟ್ಟಿತು. ಹಾರ್ಮೋನಿಯಂ ಕುತ್ತಿಗೆಗೆ ತೂಗಿಹಾಕಿಕೊಂಡವರು ನಡೆಯುತ್ತಲೇ ದಾಸರ ಪದವೊಂದನ್ನು ಎತ್ತಿಕೊಂಡರು. ದಾರಿಯಲ್ಲಿ ಎದುರಾದ ಕಾಡಿನ ಕಾವಲುಗಾರ ಬಾಯಿ ತೆರೆದು ನಿಂತು, ಮರಾಠಿಯಲ್ಲಿ ಇದು ಯಾರ ಮದುವೆಯ ದಿಬ್ಬಣ, ಮದುಮಗನೆಲ್ಲಿ ಎಂದು ವಿಚಾರಿಸಿದ. ಗಂಗಕ್ಕ ನನ್ನತ್ತ ಬೆರಳು ಮಾಡಿ, “ಹಾ ಬಘಾ ನವರಾ!” ಎಂದಳು. “ಮರಾಠಿ! ಒಂದು ಕೊಡ!” ಎಂದು ಶೆಟ್ಟರು ಗುಡ್ಡ ಮಾರ್ದನಿಸುವಂತೆ ಕೂಗಿದರು. ಎಷ್ಟೋ ವರ್ಷಗಳ ಸೇಡು ಅವರಿಗೆ ಆ ಕ್ಷಣದಲ್ಲಿ ತೀರಿತು.

ಮೊದಲ ಇಳಿಜಾರಿನಲ್ಲಿ ನೆಲ್ಲಿಯಿರಲಿಲ್ಲ. ಎರಡನೆಯದರಲ್ಲಿ ಸಾಗುವಾನಿ, ಬಿದಿರು, ಬರೀ ಕಲ್ಲು. ನೆರಳು ಕಾಲಬುಡಕ್ಕೆ ಬರುತ್ತಿತ್ತು. ಹೆಗಲುಗಳು ಬದಲಾಗುತ್ತಿದ್ದವು, ಹಾಡು ನಿಂತುಹೋಯಿತು. ಖಾದರ ಸಾಹೇಬರು ಮರಗಳನ್ನು ನೋಡುವುದನ್ನು ಬಿಟ್ಟು ನೆಲವನ್ನು ನೋಡುತ್ತ ಹೋಗುತ್ತಿದ್ದರು. ಏಕೆಂದು ಕೇಳಿದೆ. ಹೌದು, ಕೇಳಿದೆ. “ಚಿಗರಿ ನೆಲ್ಲಿಕಾಯಿ ತಿಂದು ಬೀಜಾ ಉಗುಳತಾವ್ರಿ ಮಾಸ್ತರ. ಬೀಜಾ ಸಿಕ್ರ ಗಿಡಾ ಸಿಕ್ಕಂಗ.”

ರುಕ್ಮಿಣಿಯೂ ಅದನ್ನು ಕೇಳಿಸಿಕೊಂಡಿರಬೇಕು. ಮೂರನೆಯ ಗುಡ್ಡದ ಅರ್ಧಕ್ಕೆ ಬಂದಾಗ ಅವಳು ಥಟ್ಟನೆ ನಿಂತಳು. ಬರಿಗಾಲಿನ ಕೆಳಗಿನಿಂದ ಏನನ್ನೋ ಹೆಕ್ಕಿ ಅಂಗೈಯಲ್ಲಿಟ್ಟುಕೊಂಡಳು: ಆರು ಏಣಿನ ಗಟ್ಟಿ ಬೀಜ. ನಾವೆಲ್ಲ ಅವಳ ಅಂಗೈಯನ್ನು ನೋಡುತ್ತಿರುವಾಗ ಅವಳು ತಲೆಯೆತ್ತಿ ಮೇಲೆ ನೋಡುತ್ತಿದ್ದಳು. ಹತ್ತು ಹೆಜ್ಜೆಯಾಚೆ, ಬಂಡೆಗಳ ನಡುವೆ, ಬೂದುಬಣ್ಣದ ನುಣುಪು ಕಾಂಡದ ಮೇಲೆ ಅದು ನಿಂತಿತ್ತು. ಟೊಂಗೆಟೊಂಗೆಗೂ ತಿಳಿಹಸಿರು ಕಾಯಿಗಳು ಗೊಂಚಲುಗಟ್ಟಿ, ಬಿಸಿಲು ಅವುಗಳೊಳಗೆ ಹೊಕ್ಕು ಹೊರಗೆ ಕಾಣುತ್ತಿತ್ತು.

ಒಮ್ಮೆ ಮೋಸಹೋದ ಬಳಗಕ್ಕೆ ಈಗ ಪ್ರಮಾಣ ಬೇಕಿತ್ತು.

“ಬಾಯಿಗೆ ಹಾಕಿ ನೋಡ್ರಿ ಯಾರಾರೆ,” ಎಂದಳು ಗಂಗಕ್ಕ. ಒಡನೆಯೇ, “ಅಯ್ಯ, ರವಿವಾರ ತಿನ್ನಬಾರದು,” ಎಂದು ನಾಲಿಗೆ ಕಚ್ಚಿಕೊಂಡಳು.

“ನನಗ ಆ ನೇಮ ಇಲ್ರಿ,” ಎನ್ನುತ್ತ ಖಾದರ ಸಾಹೇಬರು ಕಾಯೊಂದನ್ನು ಕಿತ್ತು ಕಚ್ಚಿದರು. ಒಂದು ಕಣ್ಣು ಮುಚ್ಚಿತು, ಮುಖ ಕಿವುಚಿತು, ಎಪ್ಪತ್ತು ಮುಖಗಳೂ ಜೊತೆಗೆ ಕಿವುಚಿದವು. ಮೆಲ್ಲಗೆ ಅಗಿದು ನುಂಗಿ, ಒಂದು ಗುಟುಕು ನೀರು ಕುಡಿದು, ಅವರು ಕಣ್ಣರಳಿಸಿ ನನ್ನತ್ತ ತಿರುಗಿದರು. “ನೀರು ಸಿಹಿ ಆತ್ರಿ. ಮಾಸ್ತರ, ಪಾಸ್!”

ಕಾಯಿಗಳನ್ನು ಅಡ್ಡಲಾಗಿ ಹೆಚ್ಚಿ, ಬೀಜ ತೆಗೆದು, ತುಪ್ಪದ ಬತ್ತಿಯಿಟ್ಟು ರುಕ್ಮಿಣಿ ದೀಪ ಹಚ್ಚಿದಾಗ ಸೂರ್ಯ ಇನ್ನೂ ನೆತ್ತಿಯ ಈಚೆಗಿದ್ದ. ಈ ಸಲ ನಾನು ಹತ್ತು ಮಾರು ದೂರ ನಿಲ್ಲಲಿಲ್ಲ. ಕಾಂಡದ ಮೇಲೆ ಅಂಗೈಯಿಟ್ಟು, ಅದರ ತಂಪನ್ನು ಅರಿಯುತ್ತ, ದಾಮೋದರನನ್ನೂ ಧಾತ್ರಿಯನ್ನೂ ಆವಾಹಿಸಿದೆ. ಬಾಲ್ಯದಿಂದ ನಾಲಿಗೆಯ ಮೇಲಿದ್ದ ಹೆಸರು ಅಂದು ಕೈಗೆ ಸಿಕ್ಕಿತು.

ಊಟದ ವೈಭವವನ್ನು ಕಡೆಯಲ್ಲಿ ಹೇಳುವುದು ಕ್ರಮ. ನಾನು ಈಗಲೇ ಹೇಳಿಬಿಡುತ್ತೇನೆ. ಇಳಿಜಾರಿನಲ್ಲಿ ಪಂಕ್ತಿ ಹೂಡಿದ್ದರಿಂದ ಮೇಲೆ ಕುಳಿತವರ ಹುಳಿ ಕೆಳಗೆ ಕುಳಿತವರ ಎಲೆಗೆ ಹರಿಯುತ್ತಿತ್ತು. ನನಗೆ ಬಂಡೆಯ ಮರೆ ಅಂದು ಬೇಕೆನಿಸಲಿಲ್ಲ; ಹರಕೆಯ ಊಟವೆಂದು ಬುತ್ತಿಯನ್ನೂ ತಂದಿರಲಿಲ್ಲ. ಶೆಟ್ಟರ ಎಲೆಯಿಂದ ಹೊರಟ ಹುಳಿ ಖಾದರ ಸಾಹೇಬರ ಎಲೆಯನ್ನು ಹಾದು ನನ್ನ ಅನ್ನಕ್ಕೆ ಬಂದು ಸೇರಿತು. ಕೈಯಿಂದ ಒಡ್ಡು ಕಟ್ಟಿ ಅದನ್ನು ನಿಲ್ಲಿಸಿಕೊಂಡು ಉಂಡೆ. ಅಂಥ ಹುಳಿಯನ್ನು ನಾನು ಮುಂದೆಂದೂ ಉಣ್ಣಲಿಲ್ಲ.

ಆದರೆ ಎಲೆ ಹಾಕುವ ಮೊದಲು ಹರಕೆ ತೀರಬೇಕಿತ್ತು. ರುಕ್ಮಿಣಿ ಪ್ರದಕ್ಷಿಣೆಗೆ ತೊಡಗಿದಳು. ಲೆಕ್ಕ ತಪ್ಪಬಾರದೆಂದು ಖಾದರ ಸಾಹೇಬರು ಬುಟ್ಟಿಯೊಂದನ್ನು ಮುಂದಿಟ್ಟುಕೊಂಡು ಕುಳಿತು, ಸುತ್ತಿಗೊಂದು ನೆಲ್ಲಿಕಾಯಿ ಹಾಕುತ್ತಿದ್ದರು. ಕಲ್ಲು ನೆಲ, ಏರುವಾಗೊಂದು ಕಷ್ಟ, ಇಳಿಯುವಾಗೊಂದು. ನಾಲ್ವತ್ತು ಸುತ್ತಿನ ಹೊತ್ತಿಗೆ ಅವಳ ಹೆಜ್ಜೆ ತಡವರಿಸಿತು. ಗಂಗಕ್ಕ ಎದ್ದು ಹೋಗಿ ತೋಳಿಗೆ ತೋಳು ಕೊಟ್ಟಳು. ಅವರ ಹಿಂದೆ ಬಳಗದ ಹೆಂಗಸರು ಒಬ್ಬೊಬ್ಬರಾಗಿ ಸೇರಿದರು. ಎಪ್ಪತ್ತನೆಯ ಸುತ್ತಿಗೆ ಗಂಡಸರೂ ಸೇರಿದರು. ಶೆಟ್ಟರು ಸೌಟು ಕೆಳಗಿಡುವುದನ್ನೂ ಮರೆತು ಸುತ್ತುತ್ತಿದ್ದರು. ಹಾರ್ಮೋನಿಯಂ ಮತ್ತೆ ಎದ್ದಿತು. ನಮ್ಮ ಹಿಂದೆಯೇ ಬಂದಿದ್ದ ಕಾವಲುಗಾರನೂ ಟೊಪ್ಪಿಗೆ ತೆಗೆದು ಸಾಲಿನ ಕೊನೆಗೆ ಸೇರಿಕೊಂಡಿದ್ದ. ಆ ಬೋಳುಗುಡ್ಡದ ಮೇಲೆ ನಮ್ಮ ಬಳಗ ಮರಕ್ಕೆ ತೊಡಿಸಿದ ಮಾಲೆಯಂತೆ ತಿರುಗುತ್ತಿತ್ತು.

“ನೂರಾ ಎಂಟು!” ಖಾದರ ಸಾಹೇಬರು ಕೂಗಿ ಕೊನೆಯ ಕಾಯಿಯನ್ನು ಬುಟ್ಟಿಗೆ ಹಾಕಿದರು. ಚಪ್ಪಾಳೆಯೆದ್ದಿತು. ಎಲ್ಲರೂ ನಿಂತರು. ರುಕ್ಮಿಣಿ ಮಾತ್ರ ಗಂಗಕ್ಕನ ತೋಳು ಬಿಡಿಸಿಕೊಂಡು ಮತ್ತೆ ಮುಂದಕ್ಕೆ ಹೆಜ್ಜೆಯಿಟ್ಟಳು.

“ಮುಗೀತು, ನೂರಾ ಎಂಟು ಆತು,” ಎಂದೆ ನಾನು. “ಇನ್ನು ಸಾಕು, ಕುಂಡ್ರು.”

ಅವಳು ನಿಲ್ಲಲಿಲ್ಲ. ಬೆವರಿನ ಹಣೆಯ ಮೇಲೆ ಕುಂಕುಮ ಹರಡಿತ್ತು. ಕಣ್ಣಲ್ಲಿ ನಾನೆಂದೂ ಕಾಣದ ತುಂಟತನ.

“ಅವು ನಿಮ್ಮ ಕಾಮಾಲಿಗಾದವು,” ಎಂದಳು. “ಇಷ್ಟು ಮಂದಿ ಮುಂದ ನಿಂತು ‘ತಪ್ಪು ನಂದು’ ಅಂದ್ರಲ್ಲ, ಇದೊಂದು ಅದಕ್ಕ.”

ಗಂಗಕ್ಕ ಸೆರಗು ಬಾಯಿಗಿಟ್ಟು ನಕ್ಕಳು. ಖಾದರ ಸಾಹೇಬರು ಬುಟ್ಟಿಯನ್ನೂ ನನ್ನನ್ನೂ ನೋಡಿ, ಸಂದೇಹದಿಂದ ಕೇಳಿದರು: “ಬಾಯಾರ, ಇದಕ್ಕೂ ಕಾಯಿ ಹಾಕ್ಲೇನ್ರಿ?”

“ಹಾಕ್ರಿ ಸಾಹೇಬ್ರ,” ಮರದ ಆಚೆಯಿಂದ ಅವಳ ದನಿ ಬಂದಿತು. “ದೊಡ್ಡದೊಂದು ಆರಿಸಿ ಹಾಕ್ರಿ.”

ನಾನು ಹೆಗಲ ಮೇಲಿನ ವಸ್ತ್ರವನ್ನು ಸೊಂಟಕ್ಕೆ ಬಿಗಿದು ಅವಳ ಹಿಂದೆ ನಡೆದೆ.